ಮೋಲ್ಡಿಗೆ ಎಂಟೇ ದಿನ

ವೈರಿಂಗಿನ ಎಸ್ಟಿಮೇಟ್ ಮಾಡಿಕೊಡಿ ಎಂದು ಶನಿವಾರ ಬೆಳಿಗ್ಗೆ ಕೈಗೆ ಬಂದದ್ದು ಮನೆಯ ನಕ್ಷೆಯ ಏಳು ಹಾಳೆ. ದೇವನಹಳ್ಳಿ ಕಡೆಯ 60×90ರ ಸೈಟು, ಬೇಸ್‌ಮೆಂಟ್ ಸೇರಿ ನಾಲ್ಕು ಅಂತಸ್ತು, 9,200 ಚದರಡಿ. ಐದು ಬೆಡ್‌ರೂಮು, ಲಿಫ್ಟು, ಹೋಮ್ ಥಿಯೇಟರು. ಗೋಡೆ, ಕಿಟಕಿ, ಮೆಟ್ಟಿಲಿನ ಅಳತೆಯೆಲ್ಲ ಚೊಕ್ಕವಾಗಿತ್ತು. ಎಲೆಕ್ಟ್ರಿಕಲ್ ಅಂತ ಇದ್ದದ್ದು ನೆಲಮಹಡಿಯದೊಂದೇ ಹಾಳೆ. ಫಾಲ್ಸ್ ಸೀಲಿಂಗಿನ ನಕ್ಷೆ ಇಲ್ಲ, ಅಡುಗೆಮನೆಗೆ ಏನೇನು ಬರುತ್ತದೆ ಎಂಬ ಪಟ್ಟಿ ಇಲ್ಲ, ಎಸಿ ಯಾವ ಬಗೆಯದು ಎಂದು ತೀರ್ಮಾನವಾಗಿಲ್ಲ. ನೆಲಮಹಡಿಯ ಮೇಲಿನ ಮೋಲ್ಡು, ಅಂದರೆ ಛಾವಣಿಯ ಕಾಂಕ್ರೀಟ್ ಮಾತ್ರ ಮುಂದಿನ ಭಾನುವಾರಕ್ಕೆ ನಿಗದಿಯಾಗಿದೆ.

"ಚದರಡಿಗೆ ಇಷ್ಟು ಅಂತ ಒಂದು ರೇಟ್ ಹೇಳಿಬಿಡಿ ಸಾರ್, ಸಾಕು" ಎಂದರು ಮನೆಯವರು. 30×40ರ ಬಾಡಿಗೆ ಮನೆಗಾದರೆ ಆ ಲೆಕ್ಕ ಹೇಗೋ ಕೂಡುತ್ತದೆ, ಯಾಕೆಂದರೆ ಅಂಥ ಮನೆಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಇಲ್ಲಿ 18×16ರ ಒಂದು ಬೆಡ್‌ರೂಮಿಗೆ ಹತ್ತು ಪಾಯಿಂಟೂ ಆಗಬಹುದು, ಮೂವತ್ತೈದೂ ಆಗಬಹುದು. ಚದರಡಿ ಮಾತ್ರ ಎರಡಕ್ಕೂ ಅಷ್ಟೇ. ಹಾಗಾಗಿ ಕೋಣೆಕೋಣೆಗೂ ಕೂತು ಎಣಿಸುವುದೆಂದು ಒಪ್ಪಿಸಿದೆವು.

ಎಣಿಸುವ ಮೊದಲು ಪಾಯಿಂಟ್ ಎಂದರೇನು ಎಂಬುದನ್ನು ಬರೆದುಕೊಳ್ಳಬೇಕು. ಜಗಳದ ಅರ್ಧ ಪಾಲು ಹುಟ್ಟುವುದು ಇಲ್ಲೇ. ಸ್ವಿಚ್‌ಬೋರ್ಡಿನಿಂದ ನೇರ ಹೋಗುವ ಮೊದಲ ದೀಪ ಮುಖ್ಯ ಪಾಯಿಂಟ್. ಅದೇ ಸ್ವಿಚ್ಚಿಗೆ ಜೋಡಿಸಿದ ಉಳಿದ ದೀಪಗಳು ಲೂಪ್ ಪಾಯಿಂಟ್. ಎಂಟು ಸ್ಪಾಟ್ ಲೈಟು ಎರಡು ಸ್ವಿಚ್ಚಿನಲ್ಲಿ ಉರಿದರೆ ಎರಡು ಮುಖ್ಯ, ಆರು ಲೂಪ್. ಎರಡಕ್ಕೂ ಒಂದೇ ರೇಟ್ ಹಾಕಿದರೆ ಒಬ್ಬರಿಗೆ ಮೋಸ. ಟೂ-ವೇ ಸ್ವಿಚ್ಚಿದ್ದರೆ (ಒಂದೇ ದೀಪಕ್ಕೆ ಎರಡು ಕಡೆ ಸ್ವಿಚ್ಚು) ಎರಡನೇ ಬೋರ್ಡಿಗೆ ಹೋಗುವ ತಂತಿಗೆ ಬೇರೆಯೇ ರೇಟ್.

ಇದ್ದ ಒಂದು ಹಾಳೆಯನ್ನೇ ಅಳತೆಗೋಲು ಮಾಡಿಕೊಂಡೆವು. ನೆಲಮಹಡಿಯಲ್ಲಿ ವಿನ್ಯಾಸಕಾರರು ಎಷ್ಟು ಧಾರಾಳವಾಗಿ ದೀಪ ಇಟ್ಟಿದ್ದಾರೆ ಎಂದು ನೋಡಿದರೆ ಮೇಲಿನ ಮಹಡಿಗಳ ಅಂದಾಜು ಸಿಗುತ್ತದೆ. ಆದರೆ ಆ ಹಾಳೆಯಲ್ಲೂ ಬಿಟ್ಟುಹೋದವು ಬೇಕಾದಷ್ಟಿದ್ದವು: ವಾರ್ಡ್‌ರೋಬ್ ಒಳಗಿನ ದೀಪ, ಕರ್ಟನ್ ಮೋಟರು, ದೇವರಮನೆಯ ಸಾಕೆಟ್ಟು, ಯುಟಿಲಿಟಿಯಲ್ಲಿ ಗ್ರೈಂಡರಿನ ಜಾಗ, ಗೇಟಿನ ಮೋಟರು, ವಾಟರ್ ಪ್ಯೂರಿಫೈಯರು. ಎಲ್ಲ ಸೇರಿಸಿದ ಮೇಲೆ ಇಡೀ ಮನೆಗೆ ಮುಖ್ಯ ಲೈಟ್ ಪಾಯಿಂಟು 148, ಲೂಪ್ 170 ಬಂತು.

ತಂತಿಯ ಲೆಕ್ಕದಲ್ಲಿ ದೊಡ್ಡ ಮನೆ ಮೋಸ ಮಾಡುವುದು ಎತ್ತರದಲ್ಲಿ. ಹತ್ತಡಿ ಛಾವಣಿಯ ಸಣ್ಣ ಮನೆಯಲ್ಲಿ ಬೋರ್ಡಿನಿಂದ ದೀಪಕ್ಕೆ ಸರಾಸರಿ 7 ಮೀಟರ್ ಹಿಡಿಯುತ್ತೇವೆ. ಫೇಸ್, ನ್ಯೂಟ್ರಲ್, ಅರ್ಥ್ ಮೂರೂ ಸೇರಿ 21 ಮೀಟರ್. 90 ಮೀಟರಿನ ಒಂದು ಕಾಯಿಲಿನಲ್ಲಿ (ತಂತಿಯ ಸುರುಳಿ) ನಾಲ್ಕು ಪಾಯಿಂಟ್ ಆರಾಮಾಗಿ ಮುಗಿಯುತ್ತದೆ. ಇಲ್ಲಿ ಛಾವಣಿ ಹನ್ನೆರಡಡಿ, ಕೋಣೆಗಳು ಅಗಲ. ಸರಾಸರಿ 11 ಮೀಟರ್, ಅಂದರೆ ಪಾಯಿಂಟಿಗೆ 33 ಮೀಟರ್ ತಂತಿ. ಒಂದು ಕಾಯಿಲಿಗೆ ಮೂರು ಪಾಯಿಂಟೂ ಆಗದು. 148 ಮುಖ್ಯ ಪಾಯಿಂಟಿಗೆ 4,884 ಮೀಟರ್, ಲೂಪ್ ಒಂದಕ್ಕೆ 9ರಂತೆ 1,530 ಮೀಟರ್. ಬೋರ್ಡಿನಲ್ಲಿ ಬಿಡುವ ತುದಿ, ಉಳಿಯುವ ತುಂಡು ಎಂದು ಶೇ. 10 ಸೇರಿಸಿದರೆ 1.5 ಚದರ ಮಿ.ಮೀ. ತಂತಿಯೇ 79 ಕಾಯಿಲ್. ಸಣ್ಣ ಮನೆಯ ಪಾಯಿಂಟ್ ರೇಟನ್ನು ಹಾಗೇ ತಂದು ಇಲ್ಲಿ ಹಾಕುವವರು ನಷ್ಟ ಮಾಡಿಕೊಳ್ಳುತ್ತಾರೆ. ಆಮೇಲೆ ಆ ನಷ್ಟ ತುಂಬಿಸಲು ಅರ್ಥ್ ತಂತಿ ಎಳೆಯದೆ ಬಿಡುತ್ತಾರೆ. ಅದು ಜೀವದ ಪ್ರಶ್ನೆ.

ಲೋಡಿನ ಲೆಕ್ಕಕ್ಕೆ ಮನೆಯವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳಲೇಬೇಕು. "ಅಡುಗೆಯೆಲ್ಲ ಗ್ಯಾಸಲ್ಲೇ" ಎಂದವರು ಹತ್ತು ನಿಮಿಷದಲ್ಲಿ "ಒಂದು ಇಂಡಕ್ಷನ್ ಇರ್ಲಿ, ಓವನ್ನೂ ಬರುತ್ತೆ" ಎಂದರು. ಇಂಡಕ್ಷನ್ ಒಲೆ 7 ಕಿಲೋವ್ಯಾಟ್, ಓವನ್ 3, ಡಿಶ್‌ವಾಶರ್ 2, ವಾಷಿಂಗ್ ಮಷೀನು, ಡ್ರೈಯರ್ ಸೇರಿ 4.5. ಒಂದೂವರೆ ಟನ್ನಿನ ಎಸಿ ಒಂಬತ್ತಕ್ಕೆ 15.3, ಗೀಸರ್ ಆರಕ್ಕೆ 12, ಕಾರ್ ಚಾರ್ಜರಿಗೆ 7.4, ಲಿಫ್ಟಿಗೆ 4. ಬೋರ್‌ವೆಲ್, ಸಂಪ್, ಪ್ರೆಶರ್ ಪಂಪ್ ಸೇರಿ ನಾಲ್ಕೂವರೆ, ದೀಪ-ಫ್ಯಾನು-ಫ್ರಿಜ್ಜು-ಟಿವಿಗೆ 8. ಕೂಡಿದರೆ ಹತ್ತಿರಹತ್ತಿರ 68. ಎಲ್ಲವೂ ಒಟ್ಟಿಗೆ ಓಡುವುದಿಲ್ಲ, ಅರ್ಧ ಹಿಡಿದರೆ 34 ಕಿಲೋವ್ಯಾಟ್. ತ್ರೀ-ಫೇಸಿನಲ್ಲಿ ಸುಮಾರು 53 ಆಂಪಿಯರ್, ಮೇನಿಗೆ 63 ಆಂಪಿಯರಿನ ನಾಲ್ಕು ಪೋಲಿನ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು). ಬೆಸ್ಕಾಂಗೆ 68 ಕೇಳಿದರೆ ನಿಗದಿತ ಶುಲ್ಕ ಕಿಲೋವ್ಯಾಟ್ ಲೆಕ್ಕದಲ್ಲಿ ತಿಂಗಳು ತಿಂಗಳೂ ಬೀಳುತ್ತದೆ. 35ಕ್ಕೆ ಅರ್ಜಿ ಎಂದು ಬರೆದೆವು.

ಎಸಿ ತೀರ್ಮಾನವಾಗದ್ದಕ್ಕೆ ಎರಡು ರೇಟ್ ಕೊಟ್ಟೆವು. ಸ್ಪ್ಲಿಟ್ ಆದರೆ ಒಂದೊಂದಕ್ಕೂ 4 ಚದರ ಮಿ.ಮೀ. ತಂತಿ, 20 ಆಂಪಿಯರಿನ ಸಿ-ಕರ್ವ್ (ಮೋಟರು ಶುರುವಾಗುವ ಕ್ಷಣದ ಹೆಚ್ಚು ಕರೆಂಟಿಗೆ ಬೀಳದ) ಎಂಸಿಬಿ. ಗೀಸರಿನದ್ದೂ ಸೇರಿ ಹತ್ತು ಕಾಯಿಲ್. ವಿಆರ್‌ಎಫ್ (ಹೊರಗಿನ ಒಂದೇ ಯಂತ್ರದಿಂದ ಹಲವು ಕೋಣೆ ತಂಪು ಮಾಡುವ ಎಸಿ) ಆದರೆ ಟೆರೇಸಿಗೆ ಒಂದೇ ದಪ್ಪ ತ್ರೀ-ಫೇಸ್ ಕೇಬಲ್, ಕೋಣೆಗಳಿಗೆ ಸಣ್ಣ ತಂತಿ. ಆಟೊಮೇಶನ್ನಿಗೂ ಹೀಗೆಯೇ ಬೇರೆ ಹಾಳೆ ಮಾಡಿದೆವು. ಸ್ವಿಚ್ಚಿನಲ್ಲೇ ಕೂರುವ ಬಗೆಯಾದರೆ ಪ್ರತಿ ಬೋರ್ಡಿಗೂ ನ್ಯೂಟ್ರಲ್, ಆಳದ ಬಾಕ್ಸ್ ಸಾಕು. ಕೆಎನ್‌ಎಕ್ಸ್ (ದೀಪಗಳನ್ನೆಲ್ಲ ಪ್ಯಾನಲಿನಿಂದಲೇ ನಡೆಸುವ) ಬಗೆಯಾದರೆ ಪ್ರತಿ ಸರ್ಕ್ಯೂಟೂ ಪ್ಯಾನಲ್‌ವರೆಗೆ ವಾಪಸ್ ಬರಬೇಕು, ತಂತಿಯೂ ಪೈಪೂ ಎರಡು ಮೂರು ಪಟ್ಟು. ಇದನ್ನು ಮುಖ್ಯ ಮೊತ್ತದೊಳಗೆ ಅಂದಾಜಿನ ಮೇಲೆ ತುರುಕುವುದು ಸರಿಯಲ್ಲ.

ಇಷ್ಟೆಲ್ಲ ಆದರೂ ನಿಜವಾದ ಆತಂಕ ಮೋಲ್ಡಿನದ್ದು. ತಂತಿ ಕಡಿಮೆ ಬಿದ್ದರೆ ಅಂಗಡಿಯಿಂದ ತರಬಹುದು. ಕಾಂಕ್ರೀಟ್ ಬಿದ್ದ ಮೇಲೆ ತಂತಿ ಓಡುವ ಪೈಪ್ ಹಾಕಲಾಗದು. ಫಾಲ್ಸ್ ಸೀಲಿಂಗ್ ಎಲ್ಲಿ ಬರುತ್ತದೋ ಅಲ್ಲಿ ಸ್ಪಾಟ್ ಲೈಟುಗಳಿಗೆ ಮೋಲ್ಡಿನಲ್ಲಿ ಪೈಪ್ ಬೇಕಿಲ್ಲ, ಆಮೇಲೆ ಸೀಲಿಂಗಿನ ಮೇಲೆ ಓಡಿಸಬಹುದು. ಬೇಕಾದದ್ದು ಫ್ಯಾನ್ ಬಾಕ್ಸು, ಡಿಬಿಯಿಂದ (ಎಂಸಿಬಿಗಳೆಲ್ಲ ಕೂರುವ ಡಿಸ್ಟ್ರಿಬ್ಯೂಷನ್ ಬೋರ್ಡು) ಪ್ರತಿ ಕೋಣೆಗೆ ದಾರಿ, ತೊಲೆ ದಾಟುವ ಸ್ಲೀವು (ಪೈಪ್ ತೂರಲು ಮೊದಲೇ ಇಡುವ ಕೊಳವೆ). ತೊಲೆಯನ್ನು ಆಮೇಲೆ ಕೊರೆಯುವಂತಿಲ್ಲ, ಸ್ಲೀವಿನ ಜಾಗವನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ತೋರಿಸಿ ಒಪ್ಪಿಗೆ ಪಡೆದೇ ಇಡಬೇಕು. 20 ಮಿ.ಮೀ. ಪೈಪಿನಲ್ಲಿ 1.5ರ ತಂತಿ ಐದಾರು ಸಲೀಸಾಗಿ ಎಳೆಯಬಹುದು, ಅದಕ್ಕಿಂತ ತುರುಕಿದರೆ ಎಳೆಯುವಾಗ ಇನ್ಸುಲೇಶನ್ ಸುಲಿಯುತ್ತದೆ. ಡಿಬಿ ದಾರಿಗಳಿಗೆಲ್ಲ 25 ಮಿ.ಮೀ. ಹಿಡಿದೆವು. ಜೊತೆಗೆ ಮೂರು ಖಾಲಿ ಪೈಪು: ಪಾರ್ಕಿಂಗಿಗೆ ಒಂದು, ಸೋಲಾರಿಗೆಂದು ಟೆರೇಸ್ ಕಡೆಗೆ ಒಂದು, ಟಿವಿ ಗೋಡೆಗೆ ಒಂದು. ಮೋಲ್ಡ್ ಹಾಕುವ ದಿನ ಒಬ್ಬ ಎಲೆಕ್ಟ್ರೀಷಿಯನ್ ಕೊನೆಯವರೆಗೂ ನಿಲ್ಲುವ ಕೂಲಿಯನ್ನೂ ಎಸ್ಟಿಮೇಟಿನಲ್ಲಿ ಬರೆದೆವು. ಕಾಂಕ್ರೀಟ್ ಅದುರಿಸುವ ವೈಬ್ರೇಟರ್ ತಾಗಿ ಪೈಪ್ ಕಳಚುವುದನ್ನು ಆ ಕ್ಷಣದಲ್ಲೇ ನೋಡದಿದ್ದರೆ ಗೊತ್ತಾಗುವುದು ತಿಂಗಳುಗಳ ನಂತರ, ತಂತಿ ಎಳೆಯುವಾಗ.

ಕೊನೆಗೆ ಮನೆಯವರಿಗೆ ಕೊಟ್ಟದ್ದು ಒಂಬತ್ತು ಪುಟ. ಮೊತ್ತ ಇದ್ದದ್ದು ಎರಡರಲ್ಲಿ. ಉಳಿದವುಗಳಲ್ಲಿ ಕೋಣೆವಾರು ಎಣಿಕೆ, ನಾವು ಹಿಡಿದ ಊಹೆಗಳು, ಹೆಚ್ಚಾದರೆ ಪ್ರತಿ ಪಾಯಿಂಟಿಗೆ ಎಷ್ಟು, ಕಡಿಮೆಯಾದರೆ ಎಷ್ಟು ಕಳೆಯುವುದು, ಮತ್ತು ಸೇರದ ಕೆಲಸಗಳು: ದೀಪಗಳ ಬೆಲೆ, ಎಸಿಯ ತಾಮ್ರದ ಪೈಪು, ನೀರಿನ ಡ್ರೈನು, ಲಿಫ್ಟ್ ಕಂಪನಿಯ ಪ್ಯಾನಲ್ಲು, ಬೆಸ್ಕಾಂ ಠೇವಣಿ. ಇನ್ವರ್ಟರಿಗೆ ನ್ಯೂಟ್ರಲ್ ಬೇರೆಯೇ ಎಳೆಯುತ್ತೇವೆ ಎಂದೂ ಬರೆದಿದ್ದೆವು. ಇನ್ವರ್ಟರಿನದೂ ಮೇನಿನದೂ ನ್ಯೂಟ್ರಲ್ ಬೆರೆತರೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ಕಡಿದು ಜೀವ ಉಳಿಸುವ ಸ್ವಿಚ್ಚು) ಕಾರಣವಿಲ್ಲದೆ ಬೀಳುತ್ತಿರುತ್ತದೆ, ಆಗ ಯಾರೋ ಬಂದು ಅದನ್ನೇ ಕಿತ್ತು ನೇರ ಜೋಡಿಸಿ ಹೋಗುತ್ತಾರೆ. ತಾಮ್ರದ ಬೆಲೆ ಏರಿಳಿಯುವುದರಿಂದ ತಂತಿಯ ದರಕ್ಕೆ 15 ದಿನ ಮಾತ್ರ ಹೊಣೆ.

ಫಾಲ್ಸ್ ಸೀಲಿಂಗಿನ ನಕ್ಷೆ ಬಂದದ್ದು ಏಳು ವಾರದ ಮೇಲೆ. ಮುಖ್ಯ ಪಾಯಿಂಟು 148 ಇದ್ದದ್ದು 151 ಆಯಿತು, ಲೂಪ್ 170 ಇದ್ದದ್ದು 214. ಹೆಚ್ಚಿನದಕ್ಕೆ ರೇಟ್ ಆಗಲೇ ಪುಟದಲ್ಲಿತ್ತು, ಮಾತು ಐದು ನಿಮಿಷದಲ್ಲಿ ಮುಗಿಯಿತು. ಖಾಲಿ ಬಿಟ್ಟ ಪೈಪುಗಳಲ್ಲಿ ಪಾರ್ಕಿಂಗಿನದೂ ಟಿವಿ ಗೋಡೆಯದೂ ಬಳಕೆಯಾದವು. ಸೋಲಾರಿನದ್ದಕ್ಕೆ ಎರಡೂ ತುದಿಗೆ ಕ್ಯಾಪ್ ಹಾಕಿ, ಒಳಗೆ ಎಳೆಯುವ ತಂತಿ ಬಿಟ್ಟು, ಡಿಬಿ ಬಾಗಿಲ ಹಿಂದೆ ಅಂಟಿಸಿದ ನಕ್ಷೆಯಲ್ಲಿ ಕೆಂಪು ಶಾಯಿಯಿಂದ ಗುರುತು ಮಾಡಿದೆವು.