ಹ್ಯಾಮ್ ರೇಡಿಯೊ ಅಭ್ಯಾಸ ಕಣಿವೆಗೆ ಇಳಿಯಬೇಕು

ಚಿಕ್ಕಮಗಳೂರು ಸೀಮೆಯ ಹ್ಯಾಮ್‌ಗಳಾದ, ಅಂದರೆ ಲೈಸೆನ್ಸ್ ಪಡೆದ ಹವ್ಯಾಸಿ ರೇಡಿಯೊದವರಾದ ನಮಗೆ ಒಂದು ಚಟವಿದೆ. ಮಳೆ ಕಳೆದು ಆಕಾಶ ತಿಳಿಯಾಯಿತೆಂದರೆ ಹ್ಯಾಂಡ್‌ಹೆಲ್ಡ್ ಸೆಟ್ಟುಗಳನ್ನು ಹಿಡಿದು ಮುಳ್ಳಯ್ಯನಗಿರಿಯ ಕಡೆಗೆ ಹೊರಟುಬಿಡುತ್ತೇವೆ. ಸುಮಾರು 1,930 ಮೀಟರ್ ಎತ್ತರದ ಆ ಶಿಖರದ ಮೇಲೆ ನಿಂತರೆ 5 ವ್ಯಾಟ್‌ನ ಸೆಟ್ಟಿನಿಂದಲೂ ಕಡೂರಿನ ಬಯಲಿನವರೊಡನೆ, ಹಾಸನದ ಕಡೆಯವರೊಡನೆ ನಿರಾಯಾಸವಾಗಿ ಮಾತನಾಡಬಹುದು. ಏಕೆಂದರೆ ನಾವು ಬಳಸುವ 144ರಿಂದ 146 ಮೆಗಾಹರ್ಟ್ಸ್‌ನ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರವಾಗಿ ಸಾಗುತ್ತವೆ. ಇದು ಸಂತೋಷದ ಕೆಲಸ, ಫೋಟೊಗಳೂ ಚೆನ್ನಾಗಿ ಬರುತ್ತವೆ. ಆದರೆ ಇದನ್ನೇ ತುರ್ತು ಸಂಪರ್ಕದ ತರಬೇತಿ ಎಂದು ಕರೆದುಕೊಳ್ಳುವುದನ್ನು ನಾನು ಒಪ್ಪುವುದಿಲ್ಲ.

2019ರ ಆಗಸ್ಟ್‌ನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆಯಲ್ಲಿ ಗುಡ್ಡ ಜಾರಿ, ಚಾರ್ಮಾಡಿ ಘಾಟಿಯ ರಸ್ತೆ ಅಲ್ಲಲ್ಲಿ ಕುಸಿದು ಸಂಚಾರ ನಿಂತಾಗ, ಸುದ್ದಿ ಹೊರಬರಬೇಕಾಗಿದ್ದುದು ಗುಡ್ಡಗಳ ನಡುವೆ ಹುದುಗಿರುವ ಹಳ್ಳಿಗಳಿಂದ. ಅಂಥ ಮಳೆಯಲ್ಲಿ ಮೊಬೈಲ್ ಕೈಕೊಡುವುದಕ್ಕೆ ಒಂದು ಕ್ರಮವೇ ಇದೆ. ಮೊದಲು ಮರ ಬಿದ್ದು ಕರೆಂಟು ಹೋಗುತ್ತದೆ, ಕೆಲವು ಗಂಟೆಗಳಲ್ಲಿ ಟವರಿನ ಬ್ಯಾಟರಿ ಮುಗಿಯುತ್ತದೆ, ಜನರೇಟರಿಗೆ ಡೀಸೆಲ್ ತರಬೇಕಾದ ವಾಹನ ಅದೇ ಮರದ ಆಚೆ ಸಿಕ್ಕಿಕೊಂಡಿರುತ್ತದೆ. ಇನ್ನು ಕೆಲವೆಡೆ ಟವರು ಸರಿಯಾಗಿಯೇ ಇರುತ್ತದೆ, ಆದರೆ ರಸ್ತೆಯ ಅಂಚಿನಲ್ಲಿ ಹೂತ ಆಪ್ಟಿಕಲ್ ಫೈಬರ್ ಕೇಬಲ್ಲು ರಸ್ತೆಯೊಂದಿಗೇ ಕಿತ್ತುಹೋಗಿರುತ್ತದೆ. ಈ ಹೊತ್ತಿನಲ್ಲಿ ಶಿಖರದ ಮೇಲೆ ಚೆನ್ನಾಗಿ ಕೆಲಸ ಮಾಡಿದ ಹ್ಯಾಂಡ್‌ಹೆಲ್ಡ್ ಸೆಟ್ಟು ಕಳಸದ ಅಥವಾ ಬಾಳೆಹೊನ್ನೂರಿನ ತಗ್ಗಿನಲ್ಲಿ ಎದುರಿನ ಗುಡ್ಡವನ್ನೇ ದಾಟುವುದಿಲ್ಲ. ಎತ್ತರದಲ್ಲಿ ನಿಂತು ಅಲೆಗಳನ್ನು ಪಡೆದು ಮರುಪ್ರಸಾರ ಮಾಡುವ ರಿಪೀಟರ್ ಇದ್ದರೆ ದಾಟೀತು. ಆದರೆ ರಿಪೀಟರಿಗೂ ಕರೆಂಟು ಬೇಕು.

ಕಣಿವೆಯಲ್ಲಿ ಒದಗುವುದು 7 ಮೆಗಾಹರ್ಟ್ಸ್, ಅಂದರೆ ನಾವು 40 ಮೀಟರ್ ಬ್ಯಾಂಡ್ ಎನ್ನುವುದು. ಒಟ್ಟು 20 ಮೀಟರ್ ಉದ್ದದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿ ಕೇಬಲ್ ಜೋಡಿಸಿ, ನೆಲದಿಂದ ನಾಲ್ಕೈದು ಮೀಟರಿನಷ್ಟೇ ಎತ್ತರದಲ್ಲಿ ಎಳೆದು ಕಟ್ಟಿದರೆ ಅಲೆಗಳು ಬಹುಪಾಲು ನೆತ್ತಿಯ ಕಡೆಗೇ ಹೋಗುತ್ತವೆ, ವಾತಾವರಣದ ಮೇಲ್ಪದರವಾದ ಅಯಾನುಗೋಲದಲ್ಲಿ ಬಾಗಿ ಸುತ್ತಲಿನ ಇನ್ನೂರು ಮುನ್ನೂರು ಕಿಲೋಮೀಟರಿನ ಮೇಲೆ ಇಳಿಯುತ್ತವೆ. ಮೇಲಿನಿಂದ ಇಳಿಯುವ ಅಲೆಗೆ ನಡುವಿನ ಗುಡ್ಡ ಅಡ್ಡಿಯಾಗದು. ಆ್ಯಂಟೆನಾ ಎತ್ತರದಲ್ಲಿದ್ದಷ್ಟೂ ಒಳ್ಳೆಯದು ಎಂದು ಕಲಿತುಬಂದ ಹೊಸಬರಿಗೆ ಇದು ನಂಬಲು ಕಷ್ಟವಾದರೂ, ಕಾಫಿ ತೋಟದಲ್ಲಿ ಎರಡು ಸಿಲ್ವರ್ ಓಕ್ ಮರಗಳ ನಡುವೆ ತಂತಿ ಕಟ್ಟಿ ಹಾಸನ, ಮೈಸೂರು, ಬೆಂಗಳೂರುಗಳ ಹ್ಯಾಮ್‌ಗಳ ದನಿ ಕೇಳಿದಾಗ ಸಂಶಯ ಉಳಿಯುವುದಿಲ್ಲ. ಇರುಳಾದ ಮೇಲೆ ಅಯಾನುಗೋಲ ತೆಳುವಾಗಿ 7 ಮೆಗಾಹರ್ಟ್ಸ್ ಹತ್ತಿರದವರಿಗೆ ಕೇಳಿಸದೆ ಹೋಗಬಹುದು. ಆಗ 3.5 ಮೆಗಾಹರ್ಟ್ಸ್‌ಗೆ ಇಳಿಯಬೇಕಾಗುತ್ತದೆ, ತಂತಿಯೂ ಎರಡರಷ್ಟು ಉದ್ದ ಬೇಕಾಗುತ್ತದೆ. ಹೀಗಾಗಿ ಹಗಲು ಮಾತ್ರ ನಡೆದು ಊಟದ ಹೊತ್ತಿಗೆ ಮುಗಿಯುವ ಅಭ್ಯಾಸ ಅರ್ಧ ಅಭ್ಯಾಸವೇ ಸರಿ.

ವಿದ್ಯುತ್ತಿನ ಲೆಕ್ಕ ಸರಳ. 100 ವ್ಯಾಟ್‌ನ ಸೆಟ್ಟು ಕೇಳುವಾಗ 1 ಆಂಪಿಯರ್‌ನ ಆಸುಪಾಸಿನಲ್ಲಿ, ಮಾತನಾಡುವಾಗ ಸುಮಾರು 20 ಆಂಪಿಯರ್ ಎಳೆಯುತ್ತದೆ. ಜೀಪಿನ ಬ್ಯಾಟರಿಯನ್ನು ನೆಚ್ಚಿಕೊಂಡವರು ಶಕ್ತಿಯನ್ನು ಇಳಿಸಿ, ಮಾತನ್ನೂ ಇಳಿಸಬೇಕು.

ಯಂತ್ರದ ಭಾಗ ಇಷ್ಟೇ. ನಿಜವಾದ ಕಷ್ಟವಿರುವುದು ಒಂದು ಸಂದೇಶವನ್ನು ಕೊಟ್ಟಂತೆಯೇ ದಾಟಿಸುವುದರಲ್ಲಿ. ತುರ್ತು ಜಾಲದಲ್ಲಿ ಒಂದು ಕೇಂದ್ರ ನೆಟ್ ಕಂಟ್ರೋಲ್ ಆಗಿರುತ್ತದೆ, ಅದು ಕರೆದವರು ಮಾತ್ರ ಮಾತನಾಡಬೇಕು, ಉಳಿದವರು ಬಾಯಿ ಮುಚ್ಚಿಕೊಂಡು ಕೇಳಬೇಕು. ಹರಟೆಗಾಗಿಯೇ ಈ ಹವ್ಯಾಸಕ್ಕೆ ಬಂದವರಿಗೆ ಇದು ದೊಡ್ಡ ಶಿಕ್ಷೆ. ಪ್ರತಿ ಸಂದೇಶಕ್ಕೂ ಕ್ರಮಸಂಖ್ಯೆ, ಕೊಟ್ಟವರ ಹೆಸರು ಮತ್ತು ಹುದ್ದೆ, ಯಾರಿಗೆ, ಸಮಯ, ಒಟ್ಟು ಪದಗಳು ಎಷ್ಟು ಎಂಬುದು ಇರಬೇಕು. ಪಡೆದವನು ಅದನ್ನು ಕಾಗದದ ಮೇಲೆ ಬರೆದುಕೊಂಡು ಮರಳಿ ಓದಿ ಹೇಳಬೇಕು. ಪದಗಳ ಲೆಕ್ಕ ತಾಳೆಯಾದ ಮೇಲಷ್ಟೇ ಸಂದೇಶ ತಲುಪಿತು ಎನ್ನಬೇಕು. ಭಾಷೆ ಚೆಂದವಾಗಲಿ ಎಂದು ಒಂದು ಪದವನ್ನೂ ತಿದ್ದುವ ಅಧಿಕಾರ ನಮಗಿಲ್ಲ.

ಇಂಗ್ಲಿಷ್ ಅಕ್ಷರಗಳಿಗೆ ಆಲ್ಫಾ, ಬ್ರಾವೊ, ಚಾರ್ಲಿ ಎಂಬ ಸಿದ್ಧ ಹೆಸರುಗಳಿವೆ. ಆದರೆ ನಮ್ಮ ಜಿಲ್ಲೆಯಲ್ಲಿ ಸಂದೇಶ ಕೊಡುವವರು ಕನ್ನಡದಲ್ಲಿ ಕೊಡುತ್ತಾರೆ, ಆಗ ಬೇರೆಯೇ ತೊಡಕುಗಳು ಎದುರಾಗುತ್ತವೆ. ಕರಕರ ಸದ್ದಿನ ನಡುವೆ ಇಪ್ಪತ್ತು ಎಂಬುದು ಎಪ್ಪತ್ತು ಎಂದು ಕೇಳಿಸುವುದು ತೀರಾ ಸಾಮಾನ್ಯ. ಇಪ್ಪತ್ತು ಜನರಿಗೆ ಸಾಲುವ ಅಕ್ಕಿಗೂ ಎಪ್ಪತ್ತು ಜನರಿಗೆ ಬೇಕಾದ ಅಕ್ಕಿಗೂ ಇರುವ ಅಂತರವನ್ನು ವಿವರಿಸಬೇಕಿಲ್ಲ. ಅದಕ್ಕೆ ನಾವು ಅಂಕಿಗಳನ್ನು ಬಿಡಿಸಿ ‘ಎರಡು, ಸೊನ್ನೆ’ ಎಂದೇ ಹೇಳುತ್ತೇವೆ. ಊರಿನ ಹೆಸರುಗಳದ್ದು ಇನ್ನೊಂದು ಪಾಡು. ಕಳಸ ಭದ್ರಾ ನದಿಯ ದಡದ ಮಲೆನಾಡಿನ ಊರು, ಕಳಸಾಪುರ ಚಿಕ್ಕಮಗಳೂರಿನ ಬಯಲಿನ ಕಡೆಯ ಊರು. ಕೊನೆಯ ಅಕ್ಷರಗಳು ನುಂಗಿಹೋದರೆ ನೆರವಿನ ವಾಹನ ತದ್ವಿರುದ್ಧ ದಿಕ್ಕಿಗೆ ಹೊರಟೀತು. ಊರಿನ ಹೆಸರಿನೊಂದಿಗೆ ತಾಲ್ಲೂಕನ್ನೂ ಹೇಳಬೇಕೆಂಬುದು ಯಾವ ಕೈಪಿಡಿಯಿಂದಲೂ ಎತ್ತಿಕೊಂಡದ್ದಲ್ಲ, ಇಲ್ಲಿಯ ಅಗತ್ಯಕ್ಕೆ ಮಾಡಿಕೊಂಡ ನಿಯಮ.

2004ರ ಸುನಾಮಿಯ ಉದಾಹರಣೆಯನ್ನು ನಾವೆಲ್ಲರೂ ಹೇಳುತ್ತೇವೆ. ಅಂಡಮಾನ್‌ನಿಂದ ಹ್ಯಾಮ್ ಕೇಂದ್ರ ನಡೆಸಲೆಂದು ಪೋರ್ಟ್ ಬ್ಲೇರ್‌ಗೆ ಹೋಗಿದ್ದ ಭಾರತಿ ಪ್ರಸಾದ್ ಅವರು ಡಿಸೆಂಬರ್ 26ರಂದು ಉಳಿದ ಸಂಪರ್ಕಗಳು ಕಡಿದಾಗ ಅದೇ ಕೇಂದ್ರವನ್ನು ತುರ್ತು ಸೇವೆಗೆ ತಿರುಗಿಸಿದರು. ಈ ಪ್ರಸಂಗದಲ್ಲಿ ಎಲ್ಲರೂ ಅವರ ಧೈರ್ಯವನ್ನು ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಆದರೆ ಆ್ಯಂಟೆನಾ ಆಗಲೇ ಮೇಲೇರಿತ್ತು, ಒಂದರ ಹಿಂದೊಂದು ಕರೆಗಳನ್ನು ತಾಳ್ಮೆಯಿಂದ ಕೇಳಿ ಬರೆದುಕೊಳ್ಳುವ ರೂಢಿ ಆಗಲೇ ಇತ್ತು ಎಂಬುದನ್ನು ನೆನೆಯುವವರು ಕಡಿಮೆ.

ಕಾನೂನಿನ ಒಂದು ಅಂಶವನ್ನೂ ಅಭ್ಯಾಸದಲ್ಲಿ ಸೇರಿಸಿಕೊಳ್ಳಬೇಕು. ಹವ್ಯಾಸಿ ರೇಡಿಯೊ ಸೇವೆಯ 1978ರ ನಿಯಮಗಳ ಪ್ರಕಾರ ಪ್ರವಾಹ, ಭೂಕಂಪದಂಥ ವಿಕೋಪಗಳಲ್ಲಿ ನಾವು ಸಾಗಿಸಬಹುದಾದ ಸಂದೇಶಗಳು ಜಿಲ್ಲಾಧಿಕಾರಿಗಳಿಂದ ಅಥವಾ ಅವರು ಅಧಿಕಾರ ಕೊಟ್ಟವರಿಂದ ಹೊರಟು, ಅಂಥವರಿಗೇ ಸೇರಬೇಕಾದವು. ಹಾಗಾದರೆ ಕಣಿವೆಯ ಹಳ್ಳಿಯಲ್ಲಿ ಆ ಅಧಿಕಾರ ಯಾರಿಗಿರುತ್ತದೆ, ತಹಶೀಲ್ದಾರರಿಗೋ ಗ್ರಾಮ ಆಡಳಿತ ಅಧಿಕಾರಿಗೋ ಎಂಬುದು ಮಳೆಗೆ ಮೊದಲೇ ಕಾಗದದ ಮೇಲೆ ಇತ್ಯರ್ಥವಾಗಿರಬೇಕು. ಗುಡ್ಡ ಕುಸಿದ ದಿನ ಜಿಲ್ಲಾ ಕಚೇರಿಯ ಬಾಗಿಲಲ್ಲಿ ನಿಂತು ನಾವು ಯಾರು ಎಂದು ಪರಿಚಯಿಸಿಕೊಳ್ಳುತ್ತಾ ಕೂರಲಾಗದು.

ಆದ್ದರಿಂದ ಮುಂದಿನ ಅಭ್ಯಾಸವನ್ನು ಆಷಾಢದ ಮಳೆಯಲ್ಲಿ, ಗುಡುಗು ಸಿಡಿಲಿಲ್ಲದ ದಿನ ನೋಡಿ, ಕಳಸದ ತಗ್ಗಿನಿಂದ ಚಿಕ್ಕಮಗಳೂರಿಗೆ ನಡೆಸೋಣ ಎಂದು ಗೆಳೆಯರಲ್ಲಿ ಕೇಳಿಕೊಂಡಿದ್ದೇನೆ. ಹಗಲು 7, ಇರುಳು 3.5, ನಡುವೆ ಮೊಬೈಲ್ ಮುಟ್ಟುವಂತಿಲ್ಲ. ಹೊಸಬರು ಬರಬಹುದು, 12 ವರ್ಷ ತುಂಬಿದವರು ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ಲೈಸೆನ್ಸ್ ಇಲ್ಲದವರಿಗೂ ಸಂದೇಶ ಬರೆದುಕೊಳ್ಳುವ, ಲಾಗ್ ಪುಸ್ತಕ ತುಂಬುವ, ಮರಕ್ಕೆ ಹಗ್ಗ ಎಸೆಯುವ ಕೆಲಸ ಬೇಕಾದಷ್ಟಿದೆ. ಪೆನ್ನಿನ ಶಾಯಿ ಮಳೆಗೆ ಹರಡುತ್ತದೆ, ಪೆನ್ಸಿಲ್ ತನ್ನಿ.