ಸಬ್ಸಿಡಿ ಕೊಟ್ಟರೆ ಐಟಿ ಕಂಪನಿಗಳು ಹುಬ್ಬಳ್ಳಿಗೆ ಬರುತ್ತವೆಯೇ?

ನಾನು ಹುಬ್ಬಳ್ಳಿಯವನೆಂದು ತಿಳಿದೊಡನೆ ಅನೇಕರು ಕೇಳುವ ಪ್ರಶ್ನೆ ಇದು: ಸರ್ಕಾರ ಇಷ್ಟೊಂದು ರಿಯಾಯಿತಿ ಕೊಡುತ್ತಿದ್ದರೂ ಐಟಿ ಕಂಪನಿಗಳು ಬೆಂಗಳೂರು ಬಿಟ್ಟು ನಿಮ್ಮೂರಿಗೆ ಬರಲು ಏಕೆ ಹಿಂಜರಿಯುತ್ತವೆ?

ರಿಯಾಯಿತಿಗಳೇ ವ್ಯರ್ಥ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿನ ಐಟಿ ಉದ್ಯಮಕ್ಕೂ ಸಾಫ್ಟ್‌ವೇರ್ ರಫ್ತಿಗೆ ನೆರವಾಗಲೆಂದು ಕೇಂದ್ರ ಸರ್ಕಾರ 1991ರಲ್ಲಿ ಸ್ಥಾಪಿಸಿದ ಸಾಫ್ಟ್‌ವೇರ್ ಟೆಕ್ನಾಲಜಿ ಪಾರ್ಕ್ಸ್ ಆಫ್ ಇಂಡಿಯಾ ಆಸರೆಯಾಗಿತ್ತು. ರಫ್ತಿನ ಲಾಭಕ್ಕೆ ಆದಾಯ ತೆರಿಗೆ ವಿನಾಯಿತಿ 2011ರ ಮಾರ್ಚ್‌ವರೆಗೂ ಮುಂದುವರಿಯಿತು. ಆದರೆ ಆ ವಿನಾಯಿತಿ ಬೇರೆ ಊರುಗಳಿಗೂ ಇತ್ತು. 1909ರ ಭಾರತೀಯ ವಿಜ್ಞಾನ ಸಂಸ್ಥೆ, 1940ರ ಎಚ್‌ಎಎಲ್, 1954ರ ಬಿಇಎಲ್‌ಗಳಿಂದಾಗಿ ಅನುಭವಿ ಎಂಜಿನಿಯರುಗಳ ದೊಡ್ಡ ಬಳಗವೊಂದು ಬೆಂಗಳೂರಿನಲ್ಲಿ ಮೊದಲೇ ನೆಲೆಸಿತ್ತು.

ಹುಬ್ಬಳ್ಳಿಯಲ್ಲಿ ಹೊಸದಾಗಿ ಪದವಿ ಪಡೆದವರಿಗೆ ಬರವಿಲ್ಲ. 1947ರಲ್ಲಿ ಆರಂಭವಾದ ಬಿವಿಬಿ ಕಾಲೇಜು, ಇಂದಿನ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ, ಇಲ್ಲೇ ಇದೆ. ಕೊರತೆಯಿರುವುದು ಎಂಟು-ಹತ್ತು ವರ್ಷ ದುಡಿದು, ಹೊಸಬರ ತಂಡವನ್ನು ನಡೆಸಬಲ್ಲವರಿಗೆ. ಅಂಥವರೊಬ್ಬರು ಊರಿಗೆ ಮರಳಬೇಕೆಂದರೆ ಮನೆ ಬಾಡಿಗೆ ಕಡಿಮೆ, ತಂದೆ-ತಾಯಿ ಹತ್ತಿರ ಎಂಬುದನ್ನು ಮಾತ್ರ ಲೆಕ್ಕ ಹಾಕುವುದಿಲ್ಲ. ಈ ಕಂಪನಿ ನಾಳೆ ಬಾಗಿಲು ಹಾಕಿದರೆ ಇದೇ ಊರಿನಲ್ಲಿ ಎರಡನೆಯ ಕೆಲಸ ಸಿಗುವುದೇ, ಹೆಂಡತಿಗೂ ಇಲ್ಲೇ ತಕ್ಕ ಹುದ್ದೆ ದೊರೆಯುವುದೇ ಎಂದೂ ಯೋಚಿಸುತ್ತಾರೆ. ಸಾಫ್ಟ್‌ವೇರ್ ಕಂಪನಿಯ ಖರ್ಚಿನಲ್ಲಿ ಸಿಂಹಪಾಲು ಸಂಬಳದ್ದು. ಬಾಡಿಗೆಯಲ್ಲೋ ಆಸ್ತಿ ತೆರಿಗೆಯಲ್ಲೋ ಒಂದಿಷ್ಟು ಹಿಂತಿರುಗಿಸಿದರೆ ಈ ಯೋಚನೆ ಬದಲಾಗದು.

ಉಡುಪಿಯಲ್ಲಿ 1996ರಲ್ಲಿ ಆರಂಭವಾದ ರೋಬೋಸಾಫ್ಟ್ ಎಂಬ ಸಾಫ್ಟ್‌ವೇರ್ ಕಂಪನಿ ಅಲ್ಲಿಯೇ ಬೆಳೆಯಿತು. ಅದರ ಸ್ಥಾಪಕರೇ ಮುಂದೆ ಅದೇ ಊರಿನಲ್ಲಿ 99ಗೇಮ್ಸ್ ಎಂಬ ಮೊಬೈಲ್ ಗೇಮ್ ಕಂಪನಿಯನ್ನು ಕಟ್ಟಿದರು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ರೋಬೋಸಾಫ್ಟನ್ನು ಕೊಂಡಿತು. ದೊಡ್ಡ ಹೆಸರಿನ ಒಂದು ಕ್ಯಾಂಪಸ್ಸಿಗೆ ಎಕರೆಗಟ್ಟಲೆ ಜಮೀನು ಕೊಟ್ಟು ಕಾಯುವುದಕ್ಕಿಂತ, ಇಂಥ ಹತ್ತಾರು ಮಧ್ಯಮ ಗಾತ್ರದ ಕಂಪನಿಗಳು ಒಂದೇ ಊರಿನಲ್ಲಿ ಬೇರೂರುವಂತೆ ಮಾಡುವುದು ಮೇಲು. (ಶಿಲಾನ್ಯಾಸದ ಫೋಟೊ ಮಾತ್ರ ಅಷ್ಟು ಚೆನ್ನಾಗಿ ಬರಲಿಕ್ಕಿಲ್ಲ!)

ಹೀಗಾಗಿ ಬೆಂಗಳೂರಿನಾಚೆಗೆಂದು ಮೀಸಲಿಟ್ಟ ಹಣದ ಬಹುಪಾಲನ್ನು, ಅನುಭವಿಗಳನ್ನು ಇಲ್ಲಿಗೆ ಕರೆತಂದು ಕನಿಷ್ಠ ಮೂರು ವರ್ಷ ಉಳಿಸಿಕೊಂಡ ಕಂಪನಿಗಳಿಗೆ, ಅವರ ಸಂಬಳದ ಒಂದು ಭಾಗವಾಗಿ ಕೊಡಬೇಕೆಂಬುದು ನನ್ನ ಸಲಹೆ. ಜೊತೆಗೆ, ಸರ್ಕಾರಿ ಇಲಾಖೆಗಳ ಸಣ್ಣಪುಟ್ಟ ಸಾಫ್ಟ್‌ವೇರ್ ಕೆಲಸಗಳ ಟೆಂಡರುಗಳಲ್ಲಿ ಕಂಪನಿಯ ವಾರ್ಷಿಕ ವಹಿವಾಟು ಇಂತಿಷ್ಟಿರಬೇಕೆಂಬ ಷರತ್ತನ್ನು ಸಡಿಲಿಸಿದರೆ, ಇಲ್ಲಿನ ಕಂಪನಿಗಳಿಗೆ ಮೊದಲ ಗಿರಾಕಿ ಊರಿನಲ್ಲಿಯೇ ಸಿಗುತ್ತಾನೆ.