ಖುಲಾಸೆಯಾದ ಮೇಲಿನ ಒಂದೂವರೆ ಗಂಟೆ

4 ಲಕ್ಷದ ಚೆಕ್ ಬೌನ್ಸ್ ಕೇಸು. ವಿಚಾರಣೆ ನಡೆಯುವಾಗಲೇ ಆರೋಪಿ ಮಧ್ಯಂತರ ಪರಿಹಾರವೆಂದು 80,000 ರೂಪಾಯಿ ಕಟ್ಟಿದ್ದರು. ಮಧ್ಯಾಹ್ನ ಮೂರರ ಸುಮಾರಿಗೆ ಮ್ಯಾಜಿಸ್ಟ್ರೇಟರು ಆದೇಶ ಓದಿದರು: ಆರೋಪಿ ಖುಲಾಸೆ. ಹಿಂದಿನ ಬೆಂಚಿನಲ್ಲಿದ್ದ ಜಾಮೀನುದಾರರು "ಮುಗೀತಲ್ಲ ಸಾರ್?" ಅಂದರು. ಮುಗಿದಿರಲಿಲ್ಲ.

ಓದಿದ ಆದೇಶದಲ್ಲಿ ಆ 80,000ದ ಮಾತೇ ಇರಲಿಲ್ಲ. ಆರೋಪಿಯ ವಕೀಲರು ತಕ್ಷಣ ಎದ್ದು ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 143-ಎ ಕಲಂ ತೋರಿಸಿದರು. 2018ರಲ್ಲಿ ಸೇರಿದ ಈ ಕಲಂ ಪ್ರಕಾರ ಚೆಕ್ ಮೊತ್ತದ ಶೇ. 20ರವರೆಗೆ ಮಧ್ಯಂತರ ಪರಿಹಾರ ಕೊಡಿಸಬಹುದು. ಆದರೆ ಆರೋಪಿ ಖುಲಾಸೆಯಾದರೆ, ಫಿರ್ಯಾದಿ ಅದನ್ನು ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಬಡ್ಡಿ ಸೇರಿಸಿ 60 ದಿನದೊಳಗೆ ಹಿಂದಿರುಗಿಸಬೇಕೆಂದು ಕೋರ್ಟು ನಿರ್ದೇಶಿಸಲೇಬೇಕು; ಸಕಾರಣವಿದ್ದರೆ ಇನ್ನು 30 ದಿನ ಸಿಗುತ್ತದೆ. ಸಹಿ ಬೀಳುವ ಮುನ್ನ ಆ ಸಾಲು ಸೇರಿತು. ಸಹಿಯಾದ ಮೇಲೆ ಬರವಣಿಗೆ ಅಥವಾ ಲೆಕ್ಕದ ತಪ್ಪು ಬಿಟ್ಟು ಬೇರೇನನ್ನೂ ಅದೇ ಕೋರ್ಟು ತಿದ್ದುವಂತಿಲ್ಲ. ಆಮೇಲೆ ಮೇಲಿನ ಕೋರ್ಟಿಗೆ ಅಲೆಯಬೇಕಾಗುತ್ತಿತ್ತು.

ವಕೀಲರ ಫೀಸು, ಬಸ್ ಚಾರ್ಜು, ತಪ್ಪಿಹೋದ ದುಡಿಮೆ? ಅಸಂಜ್ಞೇಯ ಅಪರಾಧದಲ್ಲಿ (ವಾರಂಟ್ ಇಲ್ಲದೆ ಪೊಲೀಸರು ಬಂಧಿಸಲಾಗದಂಥದ್ದು) ಶಿಕ್ಷೆಯಾದರೆ ಫಿರ್ಯಾದಿಯ ಖರ್ಚನ್ನು ಆರೋಪಿಯಿಂದ ಕೊಡಿಸಲು ಕಲಂ ಇದೆ. ಖುಲಾಸೆಯಾದವನ ಖರ್ಚಿಗೆ ಅಂಥದ್ದಿಲ್ಲ. ಇದು ಅನ್ಯಾಯವೇ. ಇರುವುದೊಂದು ಕಿರುದಾರಿ, ಕ್ರಿಮಿನಲ್ ಕೇಸು ನಡೆಸುವ ಈಗಿನ ಕಾಯ್ದೆಯಾದ ಬಿಎನ್‌ಎಸ್‌ಎಸ್ 273, ಅಂದರೆ ಹಳೆಯ ಸಿಆರ್‌ಪಿಸಿ 250. ದೂರಿಗೆ ಸಮಂಜಸ ಆಧಾರವೇ ಇರಲಿಲ್ಲ ಎಂದು ಕಂಡರೆ ಮ್ಯಾಜಿಸ್ಟ್ರೇಟರು ಖುಲಾಸೆ ಆದೇಶದಲ್ಲೇ ಫಿರ್ಯಾದಿಯ ವಿವರಣೆ ಕೇಳಿ, ನಂತರ ಪರಿಹಾರ ಕೊಡಿಸಬಹುದು. ಇದನ್ನೂ ಆ ಹೊತ್ತಿಗೇ ಕೇಳಬೇಕು. ಕೇಳಿದರೂ ಅಂದು ಸಿಗಲಿಲ್ಲ. ಸಾಲ ಕೊಡುವಷ್ಟು ಹಣ ತನ್ನಲ್ಲಿತ್ತೆಂದು ಫಿರ್ಯಾದಿ ತೋರಿಸಲಾಗಲಿಲ್ಲ ಎಂದಷ್ಟೇ ತೀರ್ಪು ಹೇಳಿತ್ತು, ದೂರೇ ಸುಳ್ಳು ಎಂದಿರಲಿಲ್ಲ.

ಉಳಿದದ್ದು ಜಾಮೀನುದಾರರ ಪ್ರಶ್ನೆ. ಮೇಲ್ಮನವಿಯಾದರೆ ಹಾಜರಾಗುತ್ತೇನೆಂದು ಆರೋಪಿ ತೀರ್ಪಿಗೆ ಮೊದಲೇ ಮುಚ್ಚಳಿಕೆ ಬರೆದುಕೊಡಬೇಕು. ಅದು ಆರು ತಿಂಗಳು ಜೀವಂತ. ಹಳೆಯ ಕಾನೂನು ಇದಕ್ಕೂ ಜಾಮೀನುದಾರರನ್ನು ಕೇಳುತ್ತಿತ್ತು. ಬಿಎನ್‌ಎಸ್‌ಎಸ್ 481ರಲ್ಲಿ ಸ್ವಂತ ಬಾಂಡ್ ಸಾಕಾಗುತ್ತದೆ, ಹಾಗೆಯೇ ಕೊಡಲಾಗಿತ್ತು. ಹೀಗಾಗಿ ಜಾಮೀನುದಾರರು ಅಂದೇ ಋಣಮುಕ್ತರು. ಆದರೆ ಜಾಮೀನಿಗೆ ತೋರಿಸಿದ್ದ ಅವರ ಜಮೀನಿನ ಪಹಣಿಯ 11ನೇ ಕಾಲಂನಲ್ಲಿ "ಕೋರ್ಟ್ ಜಾಮೀನು" ಎಂಬ ನಮೂದು ಹಾಗೇ ಇತ್ತು. ಅದು ತಾನಾಗಿ ಅಳಿಯದು; ಇದ್ದಷ್ಟು ದಿನ ಬೆಳೆಸಾಲಕ್ಕೆ ಹೋದಾಗ ತಕರಾರು. ಜಾಮೀನು ಬಿಡುಗಡೆಯಾಯಿತೆಂದು ತಹಶೀಲ್ದಾರರಿಗೆ ಕೋರ್ಟಿನಿಂದ ಪತ್ರ ಹೋಗುವಂತೆ ಅರ್ಜಿ ಹಾಕಿ, ಜತೆಗೆ ತೀರ್ಪಿನ ಎರಡು ದೃಢೀಕೃತ ನಕಲಿಗೂ ಅರ್ಜಿ ಕೊಟ್ಟಾಗ ನಾಲ್ಕೂವರೆ. ನಾಲ್ಕು ಮಡಿಕೆಯ ಪಹಣಿಯನ್ನು ಅವರು ಜೇಬಿಗೆ ಹಾಕಿಕೊಂಡರು.